ಮುಂದಿನ ಎರಡು ಹಲ್ಲು

ಹೆಸರು, ಅಂದಳು. ಮೈಲಾರಪ್ಪ ಅಂದೆ.
ವಯಸ್ಸು? ಅರವತ್ತೊಂಬತ್ತು, ಮೇಲೊಂದು ಮಳೆಗಾಲ.
ಉದ್ಯೋಗ?
ಕ್ಲಾರಿನೆಟ್ಟು.
ಬೊಚ್ಚು ಬಾಯಲ್ಲಿ ಅದು ಹೇಗೆ ಕೇಳಿಸಿತೋ,
ಕ್ಲಾರ್ಕ್ ಎಂದು ಬರೆದುಕೊಂಡಳು ಬಿಳಿಕೋಟಿನ ಹುಡುಗಿ.
ಇರಲಿ. ನಮ್ಮವ್ವನಿಗೂ ಅದೇ ಆಸೆಯಿತ್ತು.

ದಾವಣಗೆರೆಯ ಹಲ್ಲಿನ ಕಾಲೇಜು, ಒರಗು ಕುರ್ಚಿ,
ಬಾಯೊಳಗೆ ದೀಪ.
"ಏನ್ ತಿನ್ನಾಕೆ ಕಷ್ಟ ಅಜ್ಜ? ರೊಟ್ಟಿನಾ?"
ತಿನ್ನಾಕಲ್ಲವ್ವ.
ಮಂಡಕ್ಕಿ ಒಗ್ಗರಣೆ ಬಾಯಲ್ಲೇ ಮೆತ್ತಗಾಗ್ತತಿ,
ಬೆಣ್ಣೆದೋಸೆ ಹಲ್ಲು ಕೇಳಲ್ಲ.
ಮೇಲಿನ ಸಾಲಲ್ಲಿ ಮುಂದಿನವು ಎರಡು, ಅಷ್ಟು ಸಾಕು,
ಕೊಳವೆ ಬಂದು ಕೂರಲಿಕ್ಕೊಂದು ಹೊಸ್ತಿಲು.

ಹನ್ನೊಂದನೇ ವಯಸ್ಸಿಗೆ ತಲೆ ಮೇಲೆ ಪೆಟ್ರೋಮ್ಯಾಕ್ಸ್ ಹೊತ್ತು
ಮೆರವಣಿಗೆಯ ಅಂಚಿನಲ್ಲಿ ನಡೆದವನು ನಾನು.
ಕತ್ತು ಅಲ್ಲಾಡಿಸುವಂತಿಲ್ಲ, ಕಿವಿಗೆ ಮಾತ್ರ ರಜೆ.
ಮುಂದೆ ಫಕ್ರುಸಾಬ್ ಮಾಸ್ತರ ಬೆರಳು
ಕರಿಕೊಳವೆಯ ಮೇಲೆ ಮಳೆಗೆ ಮುಂಚಿನ ಇರುವೆಗಳಂತೆ.
ಒಂದು ರಾತ್ರಿ ಮಂಟಪ ಬಂದು ಎಲ್ಲ ನಿಂತರು,
ನಾನು ನಿಲ್ಲಲಿಲ್ಲ, ಕಿವಿಯೊಳಗೆ ಬ್ಯಾಂಡು ಇನ್ನೂ ನಡೆಯುತ್ತಿತ್ತು.
ಬೆಳಕು ನನ್ನ ಜೊತೆ ಪಕ್ಕದ ಓಣಿಗೆ ಹೋಯಿತು,
ಮದುವೆ ಗಂಡು ಕತ್ತಲಲ್ಲಿ ತಡವರಿಸಿ ಕುದುರೆ ಇಳಿದ.
ಮಾಸ್ತರು ಕಿವಿ ಹಿಂಡಿದರು.
ಹಿಂಡಿದ ಕೈಯಲ್ಲೇ ಕೊಳವೆ ಕೊಟ್ಟರು.

ಹಗಲೆಲ್ಲ ಹತ್ತಿ ಮಿಲ್ಲು.
ಎಳೆದುಕೊಂಡ ಧೂಳನ್ನು ರಾತ್ರಿ ಊದಿ ಹೊರಗೆ ಹಾಕಿದೆ
ಎಂಬುದು ನನ್ನ ಲೆಕ್ಕ. ಡಾಕ್ಟರು ಒಪ್ಪುವುದಿಲ್ಲ.
ಮಿಲ್ಲು ಮುಚ್ಚಿದ ದಿನವೂ ಆನಗೋಡಿನಲ್ಲಿ ಒಂದು ಲಗ್ನವಿತ್ತು.

ನ್ಯೂ ಮೂನ್ ಬ್ರಾಸ್ ಬ್ಯಾಂಡ್,
ಕೆಂಪು ಕೋಟು, ಜರಿಪಟ್ಟಿ, ಹದಿನಾಲ್ಕು ಜನಕ್ಕೆ ಒಂದೇ ಅಳತೆ.
ನ್ಯೂ ಮೂನ್ ಅಂದರೆ ಅಮಾವಾಸ್ಯೆ ಎಂದು
ನಲವತ್ತು ವರ್ಷ ಯಾರೂ ಹೇಳಲಿಲ್ಲ.
ಈಗ ಹೇಳಿದಳು ಈ ಹುಡುಗಿ, ಅಚ್ಚು ತೆಗೆಯುವ ಹಿಟ್ಟು
ನನ್ನ ಬಾಯಿ ತುಂಬ ಮೆತ್ತಿ, ನಗಲಿಕ್ಕಾಗದಂತೆ ಮಾಡಿ.

ಊರಿನ ಎಷ್ಟೋ ಮನೆಯ ಆಲ್ಬಮ್ಮಿನಲ್ಲಿ ನನ್ನ ಮೊಣಕೈ ಇದೆ.
ಅಂಚಿನಲ್ಲಿ, ಅರ್ಧ ಕತ್ತರಿಸಿ.
ನನ್ನದೇ ಲಗ್ನದ ಫೋಟೊದಲ್ಲಿ ಬಾಸಿಂಗ ಕಟ್ಟಿಕೊಂಡು
ಬ್ಯಾಂಡಿನ ಕಡೆ ತಿರುಗಿದ್ದೇನೆ, ಕಾಣುವುದು ಒಂದು ಕಿವಿ.
ಚೌಡಮ್ಮ ಆ ಕಿವಿಗೆ ಇನ್ನೂ ಬೈಯುತ್ತಾಳೆ.

ಹಲ್ಲು ಹೋದದ್ದು ಬಚ್ಚಲಲ್ಲಿ, ಜಾರಿ. ಅದರಲ್ಲಿ ಕಥೆಯಿಲ್ಲ.
ಊದಲಾಗದಿದ್ದರೆ ಬೇಡ, ಹುಡುಗರಿಗೆ ಹಾಡಿ ಕಲಿಸೋಣವೆಂದು ಕೂತರೆ
ಮೊದಲ ಸ್ವರವೇ ಬಾರದು.
ಸ ಅಂದರೆ ಥ.
ಥರಿಗಮ, ಥರಿಗಮ, ಎಂದು ಹೊಟ್ಟೆ ಹಿಡಿದು ನಕ್ಕವು ಪಡ್ಡೆಗಳು.
ಮುರಿಗೆಪ್ಪ ನಗಲಿಲ್ಲ. ದೊಡ್ಡ ಡ್ರಮ್ಮಿನವನು,
ನಲವತ್ತು ವರ್ಷ ನನ್ನ ಬೆನ್ನು ನೋಡಿಕೊಂಡೇ ನಡೆದವನು.
"ಮೈಲಾರಿ, ನೀ ಮುಂದಿಲ್ಲದಿದ್ರ
ಎತ್ತಾಗ ತಿರುಗಬೇಕು ಅಂತ ನನ್ನ ಕಾಲಿಗೆ ತಿಳೀವಲ್ದು" ಅಂದ.

ಹಾಗಾಗಿ ಈ ಕುರ್ಚಿ.
ಇವತ್ತು ಹಲ್ಲು ಬಂದಿವೆ, ಬಿಳಿ, ಕಮಾನು ಬೆನ್ನಿನ ಅಣ್ಣತಮ್ಮ.
ಚೀಲದಿಂದ ಕೊಳವೆ ತೆಗೆದು ಜೋಡಿಸಿದೆ.
"ಇಲ್ಲೇನಾ ಅಜ್ಜ?"
ಮತ್ತೆಲ್ಲಿ?
ಮೊದಲು ಕತ್ತು ಹಿಸುಕಿದ ಕೋಳಿ.
ಆಕೆ ಹಲ್ಲು ಕಳಚಿ ಚೂರು ಅರೆದಳು, ಮತ್ತೆ ಇಟ್ಟಳು.
ಮತ್ತೆ ಕೋಳಿ, ತುಸು ದೂರದ್ದು.
ಮೂರನೇ ಸಲ ಇಟ್ಟಾಗ
ಪಕ್ಕದ ಕುರ್ಚಿಯವನ ಬಾಯಿ, ತೆರೆದದ್ದು, ತೆರೆದೇ ಇತ್ತು.
ಕೊರೆಯುವ ಯಂತ್ರ ಒಂದೊಂದೇ ನಿಂತವು.

"ಗುರುವಾರ ಬನ್ನಿ, ಒಸಡು ನೋಡಬೇಕು."
ಗುರುವಾರ ಹರಿಹರದಾಗ ಲಗ್ನ ಐತವ್ವ.
ಆಕೆ ಚೀಟಿಯಲ್ಲಿ ಕ್ಲಾರ್ಕ್ ಹೊಡೆದು
ಮೇಲೇನೋ ಬರೆದಳು, ಇಂಗ್ಲಿಷಿನಲ್ಲಿ, ಉದ್ದಕ್ಕೆ.

ಸಿಟಿ ಬಸ್ಸು. ಎಲ್ಲಿಗಜ್ಜ?
ಸರ್ಕಲ್ಲು.
ಟಿಕೆಟ್ಟು ಹರಿದು ಕೊಟ್ಟ.
ಆತ ಮುಂದೆ ಹೋದ ಮೇಲೂ ಇನ್ನೊಂದು ಸಲ ಅಂದೆ,
ಸರ್ಕಲ್ಲು.