ಮಂಜುಗಡ್ಡೆ ತಾಗದಂತೆ

ಶುಕ್ರವಾರ ನಮ್ಮ ವ್ಯಾನು ವಿರಾಜಪೇಟೆಯಲ್ಲಿ.
ಗಡಿಯಾರ ಕಂಬ ದಾಟಿ ಮೀನುಪೇಟೆಯ ತಿರುವಿನಲ್ಲಿ
ಬಿದ್ದಪ್ಪಣ್ಣ ಹಿಂದಿನ ಚಕ್ರಕ್ಕೊಂದು ಕಲ್ಲು ಕೊಟ್ಟು
ಮಡಚುವ ಮೆಟ್ಟಿಲು ಇಳಿಸುವ ಹೊತ್ತಿಗೆ
ಜಗಲಿಗಳು ಒಂದೊಂದಾಗಿ ಏಳುತ್ತವೆ
ಗೋಣಿ ಕೊಡವಿಕೊಂಡು, ಕೆಮ್ಮಿಕೊಂಡು,
ಬೀಡಿಯ ತುಂಡನ್ನು ಕಿವಿಗೆ ಸಿಕ್ಕಿಸಿಕೊಂಡು.

ಚಾತೆ ಬರುವುದು ಎಲ್ಲರಿಗಿಂತ ಕೊನೆಗೆ.
ಎಡಗಾಲಿನ ಹೆಬ್ಬೆರಳಿಲ್ಲ.
ಕಾಲು ಕೊಳೆತ ವರ್ಷ ಕಾಫಿ ಕುಯ್ಯುವ ಕೆಲಸ ನಿಂತಿತು,
ಕೆಲಸ ನಿಂತ ತಿಂಗಳು ಲೈನ್‌ಮನೆಯ ಬೀಗ ಬದಲಾಯಿತು.
ರೈಟರು ಒಳ್ಳೆಯವರೇ, ಪಾತ್ರೆಗಳನ್ನೆಲ್ಲ
ಜೀಪಿನಲ್ಲಿ ಪೇಟೆವರೆಗೆ ತಂದುಕೊಟ್ಟರು, ಅನ್ನುತ್ತಾಳೆ.
ಅವಳು ಯಾರನ್ನಾದರೂ ಬೈದದ್ದು ನಾನು ಕೇಳಿಲ್ಲ,
ನನ್ನ ಸೂಜಿಯೊಂದನ್ನು ಬಿಟ್ಟು.

ಡಾಕ್ಟರು ಇನ್ಸುಲಿನ್ ಬರೆದ ದಿನ
ವ್ಯಾನಿನೊಳಗೆ ಮೂವರೂ ಸುಮ್ಮನಾದೆವು.
ಬರೆದದ್ದಾಯಿತು, ಇಡುವುದೆಲ್ಲಿ?
ಪೆಟ್ಟಿಗೆ ಮೇಲೆ ಏನಿದೆ ಓದು ಅಂದಳು. ಓದಿದೆ:
ತಂಪಾದ ಜಾಗದಲ್ಲಿಡಿ. ಬಿಸಿಲು ಬೀಳದಿರಲಿ.
ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ.
ಚಾತೆ ನಕ್ಕಳು, ಹಲ್ಲಿಲ್ಲದ ಕಡೆಯಿಂದ.
"ನನ್ನ ಬೆನ್ನಿಗೂ ಇಂಥದೊಂದು ಚೀಟಿ ಅಂಟಿಸು ಸಿಸ್ಟರೇ,
ರಾತ್ರಿ ಎಬ್ಬಿಸೋಕೆ ಬರುವ ಪೊಲೀಸರು ಓದಿಕೊಳ್ಳಲಿ."

ಎದುರಿನ ಅಂಗಡಿಯಿಂದ ಹಂಸ, ಲುಂಗಿಗೆ ಕೈ ಒರೆಸುತ್ತ:
"ಐಸು ನನ್ನ ಹತ್ತಿರ ಉಂಟಲ್ಲ."

ನೇರ ತಾಗಿದರೆ ಮದ್ದು ಸತ್ತ ಹಾಗೆ, ಎಂದೆ.
ತಾಗಬಾರದು, ತುಂಬ ದೂರವೂ ಇರಬಾರದು.
"ನೆಂಟರ ಹಾಗೆ" ಅಂದ.
ಹಳೆಯ ಹಾರ್ಲಿಕ್ಸ್ ಡಬ್ಬಿ, ಸುತ್ತ ಹರಿದ ಬನಿಯನ್ನು,
ಮತ್ತಿಯ ಮೇಲೆ, ಅಯಲೆಯ ಪಕ್ಕ,
ಥರ್ಮಾಕೋಲಿನ ಮುಚ್ಚಳದಡಿ ಚಾತೆಯ ತಿಂಗಳ ಮದ್ದು.
ಸಿರಿಂಜಿನ ಹನ್ನೆರಡನೆಯ ಗೆರೆಗೆ
ನನ್ನ ತಂಗಿಯ ಉಗುರುಬಣ್ಣ ಹಚ್ಚಿ ಕೊಟ್ಟೆ.
ಕೆಂಪಿನವರೆಗೆ ಎಳೆ, ಅಷ್ಟೇ.
ಬೆಳಿಗ್ಗೆ ಮೊದಲ ತೂಕಕ್ಕೆ ಮುಂಚೆ,
ಸಂಜೆ ಹಂಸ ಹಲಗೆ ತೊಳೆಯುವ ಮುಂಚೆ
ಅವಳೇ ಚುಚ್ಚಿಕೊಳ್ಳುತ್ತಾಳೆ, ಗೋಡೆಗೆ ಮುಖ ಮಾಡಿ.
ಮದ್ದಿಗೂ ಮೀನಿನ ನಾತ, ಎಂಬುದೊಂದೇ ದೂರು.

ಕಕ್ಕಡದಲ್ಲಿ ಮಾಕುಟ್ಟದ ರಸ್ತೆ ಕುಸಿಯಿತು.
ಕಣ್ಣೂರಿನ ಲಾರಿಯಿಲ್ಲ, ಮೀನಿಲ್ಲ, ಐಸಿಲ್ಲ,
ನಾಲ್ಕು ದಿನದಿಂದ ಕರೆಂಟೂ ಇಲ್ಲ.
ಹೋದರೆ ಶಟರು ಕೆಳಗಿದೆ, ಜಗಲಿ ಒದ್ದೆ,
ಚಾತೆಯ ಗೋಣಿ ಮಾತ್ರ ಕಂಬಕ್ಕೆ ನೇತಾಡುತ್ತಿದೆ.
ಬಿದ್ದಪ್ಪಣ್ಣ ಎರಡು ಸಲ ಉದ್ದಕ್ಕೆ ಹಾರ್ನ್ ಹೊಡೆದ.
ಅವನು ಹಾಗೆ ಹೊಡೆಯುವವನಲ್ಲ.

ಕೇಳುತ್ತ ಕೇಳುತ್ತ ಹಂಸನ ಮನೆಗೆ ಹೋದೆ.
ಅಡುಗೆಮನೆಯ ಮೂಲೆಯಲ್ಲಿ ದೊಡ್ಡ ಮಡಕೆ,
ಮಡಕೆಯಲ್ಲಿ ಒದ್ದೆ ಮರಳು, ಮರಳಿನಲ್ಲಿ ಕುಡಿಕೆ,
ಕುಡಿಕೆಯಲ್ಲಿ ಅದೇ ಹಾರ್ಲಿಕ್ಸ್ ಡಬ್ಬಿ.
ನಬೀಸಾ ಮರಳಿಗೆ ನೀರು ಚಿಮುಕಿಸುತ್ತಿದ್ದಳು.
"ನನ್ನ ಉಮ್ಮ ವೀಳ್ಯದೆಲೆ ಹೀಗೇ ಇಡ್ತಿದ್ದದ್ದು.
ಹೊತ್ತಿಗೆ ಸರಿಯಾಗಿ ಬಂದು ಚುಚ್ಚಿಕೊಂಡು ಹೋಗ್ತಾಳೆ.
ಮಳೆ ನಿಲ್ಲುವವರೆಗೆ ಇಲ್ಲೇ ಮಲಗು ಅಂದೆ.
ಬಾಗಿಲಿರುವ ಕಡೆ ಅವಳಿಗೆ ನಿದ್ದೆ ಹತ್ತುವುದಿಲ್ಲವಂತೆ."

ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಳು.
ಕಾಲಿನ ಪಟ್ಟಿಗೆ ಹಾಲಿನ ಪ್ಯಾಕೆಟ್ಟು ಸುತ್ತಿಕೊಂಡಿದ್ದಳು,
ಪಟ್ಟಿ ನೆನೆದಿರಲಿಲ್ಲ.
ಡಾಕ್ಟರು ಅದನ್ನು ಬಿಚ್ಚದೆ ಬಹಳ ಹೊತ್ತು ನೋಡಿದರು.

ಆಮೇಲೆ ರಸ್ತೆ ತೆರೆಯಿತು. ಲಾರಿ ಬಂತು, ನೊಣಗಳೂ ಬಂದವು.
ಮೆಟ್ಟಿಲ ಮೇಲೆ ಕೂರಿಸಿ ಚಾತೆಯ ಬೆರಳಿಗೆ ಚುಚ್ಚಿದೆ,
ಯಂತ್ರ ಅಂಕಿ ತೋರಿಸಲು ಐದು ಎಣಿಸಿತು.
ತಕ್ಕಡಿ ಹಿಡಿದಲ್ಲಿಂದಲೇ ಹಂಸನ ಕೂಗು: "ಎಷ್ಟು?"
"ಇನ್ನೂರ ನಲವತ್ತು!"
ಮತ್ತಿ ಕೊಳ್ಳಲು ಕೊಡೆ ಹಿಡಿದು ನಿಂತಿದ್ದವರು
ಅವನಿಗೆ ಗದರಿದರು: "ಭಾರಿ ಜಾಸ್ತಿಯಾಯ್ತು ಮಾರಾಯ, ಇಳಿಸು."
ರಸ್ತೆಯ ಆಚೆಯಿಂದ ಅವನು, ಈಚೆಯಿಂದ ಚಾತೆ,
ಇಬ್ಬರೂ ಒಟ್ಟಿಗೆ:
"ಇಳಿಸ್ತೇವೆ, ಇಳಿಸ್ತೇವೆ."