ಕಡಿದು

ಏಳನೇ ತರಗತಿ, ಊಟದ ನಂತರದ ಪೀರಿಯಡ್ಡು.
ಪಾಠದಲ್ಲಿ ಬಂತು: ಕಡಿದಾದ ಬಂಡೆ.
ಅರ್ಥ ಬರೆಸಿದೆ: ನೆಟ್ಟಗೆ ನಿಂತದ್ದು, ಏರಲಾಗದ್ದು.
ಕಿಟಕಿ ಪಕ್ಕದ ಬೆಂಚಿನಿಂದ ಸಂಜೀವಿ ಎದ್ದಳು,
"ಮಿಸ್, ಕಡಿದದ್ದು ಯಾರು?"

ಎಲ್ಲ ನಕ್ಕರು. ನಾನೂ.
ಕಿಟಕಿಯಾಚೆ ದುರ್ಗದ ಬೆಟ್ಟ
ಬಿಸಿಲಿಗೆ ಬೆನ್ನು ಕೊಟ್ಟು ನಿಂತಿತ್ತು.

ರಾತ್ರಿ ಅಡುಗೆಕಟ್ಟೆಯ ಮೇಲೆ ನಿಘಂಟು ಬಿಚ್ಚಿದೆ,
ಪುಟದಂಚಿಗೆ ಚಟ್ನಿ ಕೈ ತಾಗಿತು.
ಕಡಿ, ಕತ್ತರಿಸು. ಕಡಿ, ಹಲ್ಲೂರಿ ಕಚ್ಚು. ಕಡಿ, ಚೂರು.
ಕಡಿದು: ಉಂಡು, ಎದ್ದು, ನಡೆದು ಎಂಬಂತೆ
ಮುಂದಿನ ಕ್ರಿಯಾಪದಕ್ಕೆ ಕಾಯುವ ಮಾತು.
ಕಡಿದು… ಆಮೇಲೆ?
ಯಾರೋ ವಾಕ್ಯದ ನಡುವೆ
ಉಳಿ ಕೆಳಗಿಟ್ಟು ಎದ್ದುಹೋದಂತೆ.

ನಿದ್ದೆ ಬರಲಿಲ್ಲ, ಹಿಂದಕ್ಕೆ ತಿರುವಿದೆ, ಅ ಅಕ್ಷರಕ್ಕೆ.
ಅರೆ ಎಂದರೆ ಅರ್ಧ. ಅರೆ ಎಂದರೆ ಬಂಡೆ ಕೂಡ.
ಹಳಗನ್ನಡದಲ್ಲಿ ಬಂಡೆಯ ಅರೆಗೆ ಬೇರೊಂದು ರಕಾರ,
ಶಕಟರೇಫ, ಬಂಡಿಯ ರ.
ಬಂಡಿ ಯಾವ ಇಳಿಜಾರಿನಲ್ಲಿ ಅಚ್ಚು ಮುರಿದುಕೊಂಡಿತೋ,
ಈಗ ಬಂಡೆಯೂ ಅರ್ಧವೂ
ಒಂದೇ ಅಕ್ಷರದ ಮೇಲೆ ಕೂತಿವೆ.

ಶನಿವಾರ ಶಾಲೆ ಬಿಟ್ಟ ಮೇಲೆ
ಸಂಜೀವಿ ತನ್ನ ತಾತನ ಹತ್ತಿರ ಕರೆದೊಯ್ದಳು.
ಅಂಜಿನಪ್ಪ. ಚಕ್ಕೆ ಸಿಡಿದು ಎಡಗಣ್ಣು ಹೋಗಿ ಬಹಳ ವರ್ಷ.
ಯಾರದೋ ಸವೆದ ಒರಳಿಗೆ ಮುಳ್ಳು ಹಾಕುತ್ತಿದ್ದ.
ಕೇಳಿದೆ. ತಲೆ ಎತ್ತಲಿಲ್ಲ.

"ನಾವು ಕಡುದ್ರೆ ಮೆಟ್ಲಾಗ್ತೈತಮ್ಮ.
ಹೊಸ್ಲಾಗ್ತೈತೆ, ಒಳ್ಳಾಗ್ತೈತೆ, ದನ ನೀರು ಕುಡಿಯೋ ಬಾನಿ ಆಗ್ತೈತೆ.
ಯಾರೂ ಕಡೀದೆ ಬಿಟ್ಟಿದ್ನ
ಓದಿದೋರು ನೀವು, ಕಡಿದು ಅಂತೀರಿ."
ಟಣ್ ಎಂದಿತು ಉಳಿ.
ಆ ಸದ್ದಿಗೆ ನನ್ನ ಹಲ್ಲು ಜುಮ್ಮೆಂದವು.

ಗುಡಿಸಲ ಹಿಂದಿನ ಗುಂಡಿನ ಮೈಮೇಲೆ ಗುಳಿಗಳ ಸಾಲು,
ದಾರ ಹಿಡಿದಂತೆ ನೇರ,
ಹದಿನಾಲ್ಕು. ಹದಿನೈದನೆಯದಕ್ಕೆ
ಕಿರುಬೆರಳ ತುದಿಯೂ ಹಿಡಿಯದು.
"ಯಾರು ಶುರು ಮಾಡಿದ್ದು?"
"ನಮ್ಮಪ್ಪನೂ ಇದ್ನೇ ಕೇಳ್ತಿದ್ದ."
ಗುಳಿಗಳಲ್ಲಿ ಮೊನ್ನೆಯ ಮಳೆನೀರು, ಸೊಳ್ಳೆಮರಿ.
ಸಂಜೀವಿ ಒಂದೊಂದಕ್ಕೂ ಬೆರಳದ್ದಿ ಎಣಿಸಿದಳು,
ಕೊನೆಯದರ ಹತ್ತಿರ ಬೆರಳನ್ನು ಲಂಗಕ್ಕೆ ಒರೆಸಿಕೊಂಡಳು.

ಸೋಮವಾರ ನೋಟುಬುಕ್ಕು ತಿದ್ದಲು ಕೂತೆ.
ಮೂವತ್ತೊಂದರಲ್ಲಿ ನಾನು ಬರೆಸಿದ್ದೇ ಅರ್ಥ.
ಅವಳ ಪುಟದಲ್ಲಿ, ದುಂಡು ಅಕ್ಷರದಲ್ಲಿ,
ಕಡಿದು: ಇನ್ನೂ ಯಾರೂ ಕಡಿಯದ್ದು
ತಪ್ಪೆನ್ನಲೋ ಸರಿಯೆನ್ನಲೋ ತಿಳಿಯದೆ ನಾನು
ಬೆಟ್ಟದ ಕಡೆ ನೋಡುತ್ತ
ಕೆಂಪು ಪೆನ್ನು ಹಿಡಿದು