ಮುದ್ದೆಮಾಲು

ಮಡಿಕೇರಿ ಕೋರ್ಟಿನ ಕೋಣೆಯಲ್ಲಿ
ಕತ್ತಿ, ಕೋವಿ, ಕದ್ದ ಕರಿಮೆಣಸಿನ ಚೀಲಗಳ ನಡುವೆ
ಈ ಸ್ಟೀಲು ಲೋಟಕ್ಕೂ ಚೀಟಿ ಅಂಟಿಸಿದವನು ನಾನೇ.

ತಂದವಳು ವಕೀಲೆ ವೈ. ಕೆ. ಬೊಳಚಿ.
ಇಲ್ಲಿ ಹೆಸರಿನ ಮೊದಲಕ್ಷರ ಮನೆತನದ್ದು;
ಒಕ್ಕವಿಲ್ಲದ ಲೈನುಮನೆಯ ಕೂಸಿಗೆ
ಮೇಷ್ಟ್ರು ಜಾತಿಯನ್ನೇ ಇನಿಶಿಯಲ್ ಮಾಡಿದ್ದರು.
ಕರಿಕೋಟು ಬಿಚ್ಚಿಟ್ಟು ಸಾಕ್ಷಿಕಟ್ಟೆ ಹತ್ತಿದಾಗ
"ವೈ ಅಂದರೆ?" ಎಂದರು ಎದುರು ವಕೀಲರು, ಗೊತ್ತಿದ್ದೂ.
"ಎರವ. ಬರಕೊಳ್ಳಿ."

ತಿತಿಮತಿ ರಸ್ತೆಯ ಹೋಟೆಲ್ಲು. ಹಿಂದಿನ ಸೂರಿನಡಿ
ಮೊಳೆಗೆ ತೂಗುವ ಲೋಟ, ಕುಡಿದವರೇ ತೊಳೆದಿಡಬೇಕು.
ಪಂಚಾಯ್ತಿ ಮೆಂಬರಾದ ಮರುದಿನ
ಅವಳಿಗೂ ಅದರಲ್ಲೇ ಕಾಫಿ ಬಂತು.
ಪೂರ್ತಿ ಕುಡಿದಳಂತೆ. ದುಡ್ಡು ಎಣಿಸಿಟ್ಟು,
ತೊಳೆಯದೆ, ಸೆರಗಲ್ಲಿ ಸುತ್ತಿ
ನೇರ ಠಾಣೆಗೆ ನಡೆದಳಂತೆ.

ಮೂರು ವರ್ಷ, ಇಪ್ಪತ್ತಾರು ವಾಯಿದೆ.
ಸಾಕ್ಷಿಗಳು ಒಬ್ಬೊಬ್ಬರೇ ತಿರುಗಿಬಿದ್ದರು.
ಹೋಟೆಲ್ಲಿನವನಿಗೆ ಆ ಮೊಳೆಯೇ ನೆನಪಿಲ್ಲ.
ಲೋಟದ ತಳದಲ್ಲಿ ಮಾತ್ರ
ಸಕ್ಕರೆ ಕಪ್ಪಗೆ ಕಚ್ಚಿಕೊಂಡಿದೆ.

ನಾಳೆ ತೀರ್ಪು.
ನಿನ್ನೆ ರಾತ್ರಿ, ನಮ್ಮ ಹಿತ್ತಿಲ ಕಿಟಕಿಯಲ್ಲಿ,
ಆಳುಗಳಿಗೆಂದು ಅಮ್ಮ ಇಟ್ಟ ಪಿಂಗಾಣಿ ಕಪ್ಪು,
ಹಿಡಿ ಮುರಿದದ್ದು, ನಲವತ್ತು ವರ್ಷದಿಂದ ಕಂಡದ್ದೇ,
ಕಣ್ಣಿಗೆ ಬಿತ್ತು.
ಒಳಗೆ ತಂದೆ. ಎಲ್ಲಿಡಲಿ?
ಅಂಟಿಸಲು ಒಂದು ಚೀಟಿಯೇನೋ
ಜೇಬಲ್ಲೇ ಇತ್ತು.